ಹಿಡಿದ ಮೂರೂ ಗೋಲಾದವು

ಪ್ರತಿವರ್ಷ ಅರ್ಧ ತಾಸಿನಲ್ಲಿ ಬರೆದು ಮುಗಿಸುವ ಒಂದು ಪುಟಕ್ಕೆ ಈ ಸಲ ನನಗೆ ಹನ್ನೊಂದು ದಿನ ಹಿಡಿಯಿತು. ಮಹಾ ಸಾಹಿತ್ಯವೇನಲ್ಲ. ಕಲಘಟಗಿ ಕಡೆಯ ನಮ್ಮೂರ ಕಾಲೇಜಿನ ಫುಟ್‌ಬಾಲ್ ತಂಡ ಬರುವ ಹಂಗಾಮಿನಲ್ಲಿ ಏನು ಮಾಡೀತು, ಏನು ಮಾಡಲಾರದು ಎಂಬ ಭವಿಷ್ಯ, ಅಷ್ಟೇ. ವಲಯದ ಪಂದ್ಯಗಳು ಸುರುವಾಗುವುದು ಆಗಸ್ಟಿನಲ್ಲಿ. ಅದಕ್ಕೂ ಮೊದಲೇ ನಾನು ಬರೆದುಕೊಡಬೇಕು. ಕಾಲೇಜಿನ ಎದುರಿಗೆ ಅಂಗಡಿ ಇಟ್ಟಿರುವ ಟೇಲರ್ ಶಂಕ್ರಪ್ಪ ಅದನ್ನು ಕನ್ನಡಿಯ ಬಾಜೂ ಗುಂಡುಪಿನ್ನು ಚುಚ್ಚಿ ಗೋಡೆಗೆ ಹಚ್ಚಬೇಕು. ಅಭಿಮಾನಿಗಳು ಓದಿ ತಲೆದೂಗಬೇಕು. ಅಭಿಮಾನಿಗಳೆಂದರೆ ಹದಿನೈದಿಪ್ಪತ್ತು ಮಂದಿ. ಅದರಲ್ಲಿ ಅರ್ಧ ಮಂದಿ ಅಂಗಿಯ ಅಳತೆ ಕೊಡಲು ಬಂದು ಸಿಕ್ಕಿಬಿದ್ದವರು.

ನಾನು ಮಿಶ್ರಿಕೋಟಿ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹೀಗಾಗಿ ಊರಿಗೆಲ್ಲ ಅಕ್ಕೋರು. ಫುಟ್‌ಬಾಲ್ ಆಡಿದವಳಲ್ಲ. ಜೀವಮಾನದಲ್ಲಿ ಒಮ್ಮೆ ಚೆಂಡು ಒದ್ದ ನೆನಪಿದೆ, ಚೆಂಡಿಗಿಂತ ಚಪ್ಪಲಿ ಮುಂದೆ ಹೋಯಿತು. ಹಾಗಾದರೆ ಭವಿಷ್ಯ ಹೇಳುವ ಅಧಿಕಾರ ನಿಮಗೆ ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ.

ಹತ್ತು ಹನ್ನೆರಡು ವರ್ಷಗಳ ಹಿಂದೆ ನಮ್ಮ ತಂಡ ಒಮ್ಮೆ ವಲಯದ ಫೈನಲ್ ತಲುಪಿತ್ತು. ಅದಕ್ಕೂ ಮೊದಲು ತಲುಪಿರಲಿಲ್ಲ, ಆಮೇಲೂ ತಲುಪಿಲ್ಲ. ಆ ವರ್ಷ ಹಂಗಾಮಿಗೆ ಮುಂಚೆಯೇ ನಾನು ಅದನ್ನು ಹೇಳಿದ್ದೆ ಎಂಬುದು ಊರಿನ ನಂಬಿಕೆ. ಶಂಕ್ರಪ್ಪ ಈ ಕಥೆಯನ್ನು ಹೊಸ ಗಿರಾಕಿಗಳಿಗೆಲ್ಲ ಹೇಳುತ್ತಾನೆ.

"ಅಗದಿ ಜಿಟಿಜಿಟಿ ಮಳಿ ಹಿಡದಿತ್ರಿ. ಅಕ್ಕೋರು ಛತ್ರಿ ಹಿಡಕೊಂಡು ಬಂದ್ರು. ಇಲ್ಲೇ, ಈ ಮೆಟ್ಟಲ ಮ್ಯಾಲ ನಿಂತ್ರು. 'ಶಂಕ್ರಪ್ಪಾ, ಫೈನಲ್. ಬರಕೋ' ಅಂದ್ರು. ಹೊಳ್ಳಿ ಹೋದ್ರು. ಕೂಡಂದ್ರೂ ಕೂಡಲಿಲ್ಲ."

ಎಷ್ಟು ಸಲ ಕೇಳಿದ್ದೇನೆಂದರೆ ಈಗ ನನಗೂ ಆ ಛತ್ರಿಯ ಹಿಡಿಕೆ ಕೈಗೆ ತಣ್ಣಗೆ ಹತ್ತುತ್ತದೆ. ಆದರೆ ನನ್ನದು ಹಾಳು ಅಭ್ಯಾಸ ಒಂದಿದೆ. ಬಿ.ಎ. ಓದುವಾಗಿನಿಂದ ದಿನಚರಿ ಬರೆಯುತ್ತೇನೆ. ಬೀಜ-ಗೊಬ್ಬರದ ಅಂಗಡಿಯವರು ವರ್ಷಕ್ಕೊಂದು ಪುಕ್ಕಟೆ ಕೊಡುವ ಡೈರಿಗಳು ಅವು. ಪ್ರತಿ ಪುಟದ ನೆತ್ತಿಯ ಮೇಲೆ ಯಾವ ಬೆಳೆಗೆ ಯಾವ ಗೊಬ್ಬರ ಎಂದು ಅಚ್ಚಾಗಿರುತ್ತದೆ, ಅದರ ಕೆಳಗೆ ನನ್ನ ಮನಸ್ಸಿನ ತುಮುಲ. ಈ ಬೇಸಿಗೆಯಲ್ಲಿ ಟ್ರಂಕಿನಿಂದ ಆ ವರ್ಷದ್ದನ್ನು ಹುಡುಕಿ ತೆಗೆದೆ. ಅಂದಿನ ಪುಟದಲ್ಲಿ ಇರುವುದು ಇಷ್ಟು: "ತಂಡ ಪರವಾಗಿಲ್ಲ ಅನಿಸುತ್ತದೆ. ಮೊದಲ ಸುತ್ತು ದಾಟಿದರೆ ದಾಟಬಹುದು. ಶಂಕ್ರಪ್ಪನ ಹತ್ತಿರ ಜಂಪರು ಹೊಲಿಯಲು ಕೊಟ್ಟೆ. ತೋಳು ಬಿಗಿ ಮಾಡಬೇಡ ಎಂದೆ. ಬಿಸಿಲು ವಿಪರೀತ."

ಮಳೆಯೂ ಇಲ್ಲ, ಛತ್ರಿಯೂ ಇಲ್ಲ, ಫೈನಲ್ಲೂ ಇಲ್ಲ. ಅಂದು ನಾನು ನುಡಿದ ಒಂದೇ ಭವಿಷ್ಯ ಜಂಪರಿನ ತೋಳಿನದು. ಅದು ಬಿಗಿಯಾಗಿಯೇ ಬಂತು.

ಇದನ್ನು ಶಂಕ್ರಪ್ಪನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಪ್ರವಾದಿಯ ಪದವಿ ಒಮ್ಮೆ ಸಿಕ್ಕರೆ ಬಿಡುವುದು ಕಷ್ಟ. ಅದರಲ್ಲಿ ನಷ್ಟವೇ ಇಲ್ಲ ನೋಡಿ. ತಂಡ ಗೆದ್ದರೆ "ಅಕ್ಕೋರು ಹೇಳಿದ್ರು", ಸೋತರೆ "ಹುಡುಗುರು ಆಡ್ಲಿಲ್ಲ". ಒಬ್ಬ ಆಟಗಾರ ರಾಜ್ಯ ತಂಡಕ್ಕೆ ಹೋಗುತ್ತಾನೆ ಎಂದು ಸತತ ಮೂರು ವರ್ಷ ಬರೆದೆ. ಮೂರನೆಯ ವರ್ಷ ಅವನು ಕಾಲೇಜಿನಲ್ಲೇ ಇರಲಿಲ್ಲ. ನಾನು ನೋಡಿ ಮೆಚ್ಚುತ್ತಿದ್ದದ್ದು ಅವನ ತಮ್ಮನನ್ನು. ಅದಕ್ಕೂ ಯಾರೂ ನನ್ನನ್ನು ದೂರಲಿಲ್ಲ.

ನಿಜ ಹೇಳಬೇಕೆಂದರೆ ಈ ತಂಡದ ಬಗ್ಗೆ ನನಗಿರುವ ಪ್ರೀತಿಗೂ ಆಟಕ್ಕೂ ಸಂಬಂಧ ಕಡಿಮೆ. ನಮ್ಮ ತವರುಮನೆ ಮೈದಾನದ ಹಿಂದೆ, ಹಳ್ಳದ ದಂಡೆಗೆ. ಮೈದಾನವೋ ಕಾಲೇಜಿನಿಂದ ಹಳ್ಳದ ಕಡೆ ವಾಲಿಕೊಂಡಿದೆ. ಯಾರು ಎತ್ತ ಒದ್ದರೂ ಚೆಂಡಿನ ಮನಸ್ಸು ನಮ್ಮ ಹಿತ್ತಲ ಕಡೆ. ಬೇಲಿ ದಾಟಿ ಬಂದದ್ದನ್ನು ಅವ್ವ ಕೋಳಿ ಮುಚ್ಚುವ ಬುಟ್ಟಿಯ ಕೆಳಗೆ ಇಟ್ಟುಬಿಡುತ್ತಿದ್ದಳು. ಹನ್ನೊಂದು ಮಂದಿ ಬೆವರು ಸುರಿಸುತ್ತ ಬೇಲಿಗೆ ಬಂದು ನಿಂತು, "ಅವ್ವಾರ, ಚೆಂಡ ಕೊಡ್ರಿ" ಎಂದು ಅಂಗಲಾಚಬೇಕು. "ಮೆಣಸಿನ ಗಿಡ ಮುರದೀರಿ, ಮೊದ್ಲ ನೀರ ಹಾಕ್ರಿ" ಎನ್ನುತ್ತಿದ್ದಳು ಅವ್ವ. ಕ್ಯಾಪ್ಟನ್ ಕೊಡ ಎತ್ತುತ್ತಿದ್ದ. ಆ ಹೊತ್ತಿನಲ್ಲಿ ನಾನು ಬುಟ್ಟಿ ಎತ್ತಿ ಒದ್ದೆ ಚರ್ಮದ ಚೆಂಡನ್ನು ಮೂಸಿ ನೋಡುತ್ತಿದ್ದೆ. ಆ ವಾಸನೆ ಈಗಲೂ ನೆನಪಿದೆ ಎನ್ನಲು ಹೊರಟಿದ್ದೆ. ಛತ್ರಿಯ ಹಿಡಿಕೆಯ ಮೇಲಾಣೆ, ಖಾತ್ರಿಯಿಲ್ಲ.

ಆ ಇಳಿಜಾರು ನಮ್ಮ ತಂಡದ ಬೆನ್ನೆಲುಬು. ನಮ್ಮ ಮೈದಾನದಲ್ಲಿ ಆಡುವಾಗ ಟಾಸ್ ಗೆದ್ದರೆ ಎರಡನೆಯ ಅರ್ಧ ಹಳ್ಳದ ಕಡೆ ಆಡುವುದು ರೂಢಿ. ಒದೆಯುವುದೇ ಬೇಡ, ಬಿಟ್ಟರೆ ಸಾಕು. ಇದನ್ನು ಅವರೂ ನಾನೂ ಬಹಳ ಕಾಲ ಪ್ರತಿಭೆ ಎಂದೇ ತಿಳಿದಿದ್ದೆವು. ಧಾರವಾಡದ ಸಪಾಟು ಮೈದಾನಕ್ಕೆ ಹೋದಾಗ ಚೆಂಡು ಒದ್ದಷ್ಟೇ ದೂರ ಹೋಗಿ ನಿಂತುಬಿಡುತ್ತಿತ್ತು. ಆಗ ನಮ್ಮ ಹುಡುಗರು ಯಾರೋ ಮೋಸ ಮಾಡಿದರೆಂಬಂತೆ ರೆಫ್ರಿಯ ಮುಖ ನೋಡುತ್ತಿದ್ದರು.

ಇರಲಿ. ಹನ್ನೊಂದು ದಿನ ಯಾಕೆ ಹಿಡಿಯಿತು ಎಂದು ಹೇಳುತ್ತಿದ್ದೆ. ಅದಕ್ಕೆ ಕಾರಣ ಎಲ್ಲಪ್ಪ.

ಹೋದ ವರ್ಷ ಮೇ ತಿಂಗಳಲ್ಲಿ ಆಪೂಸ್ ಮಾವು ತರಲೆಂದು ದೇವಿಕೊಪ್ಪದ ಕಡೆ ಒಂದು ತೋಟಕ್ಕೆ ಹೋಗಿದ್ದೆ. ಕೊಯ್ಲು ನಡೆದಿತ್ತು. ಗಿಡದ ಮೇಲೆ ಒಬ್ಬ ಕೈಯಿಂದ ಕಾಯಿ ಕಿತ್ತು ಕೆಳಗೆ ಬಿಡುತ್ತಿದ್ದ; ಕೆಳಗೆ ಇಪ್ಪತ್ತರ ಒಬ್ಬ ಹುಡುಗ ಹಿಡಿಯುತ್ತಿದ್ದ. ಆಪೂಸಿಗೆ ಪೆಟ್ಟು ತಾಗಬಾರದು. ಇವತ್ತು ಕಾಣದ ಪೆಟ್ಟು ಹುಲ್ಲಿನಲ್ಲಿ ಹಣ್ಣಾಗುವಾಗ ಕಪ್ಪಾಗಿ ಕಾಣುತ್ತದೆ. ಕಾಯಿ ಬರುವ ದಾರಿಗೆ ಅವನು ಎರಡೂ ಕೈ ಒಡ್ಡುತ್ತಿದ್ದ. ಮುಟ್ಟಿದ ಕ್ಷಣವೇ ಕೈಗಳು ಅದರ ಜೊತೆಗೇ ಕೆಳಗೆ, ಹಿಂದಕ್ಕೆ, ಸೊಂಟ ದಾಟಿ ಹೋಗುತ್ತಿದ್ದವು; ಅಲ್ಲಿ ಹಾಸಿದ ಹುಲ್ಲಿನ ಮೇಲೆ ಕಾಯಿ ಸದ್ದಿಲ್ಲದೆ ಕೂಡುತ್ತಿತ್ತು. ಅವನು ತಿರುಗಿ ನೋಡುತ್ತಲೂ ಇರಲಿಲ್ಲ.

"ಎಷ್ಟ ಬಿದ್ವೋ ಇವತ್ತ?" ಎಂದು ಕೇಳಿದೆ.

"ಬಿದ್ರ ಮ್ಯಾಲಿದ್ದಾವ ಇಳದ ಬರ್ತಾನ್ರಿ ಅಕ್ಕೋರ," ಎಂದ. ಮೇಲಿದ್ದವನು ಅವನ ಕಾಕಾ.

"ಕೈ ಅಷ್ಟು ಹಿಂದ ಯಾಕ ಒಯ್ತಿ?"

"ಕೈ ಎದರ ಕೊಡಬಾರದ್ರಿ. ಅದು ಬಂದಂಗ ಹಿಂದ ಹೋಗಬೇಕು. ಕೂಸ ಇಸ್ಕೊಂಡಂಗ."

ನಮ್ಮ ಕಾಲೇಜಿನಲ್ಲೇ ಬಿ.ಎ. ಎರಡನೆಯ ವರ್ಷಕ್ಕೆ ಬರುತ್ತಾನೆಂದು ತಿಳಿದಾಗ ನನ್ನ ತಲೆಯಲ್ಲಿ ದೀಪ ಹತ್ತಿತು. ತಂಡದ ಹಳೆಯ ಗೋಲಿ ಡಿಗ್ರಿ ಮುಗಿಸಿ ಹೋಗಿದ್ದ. ಮನೆಗೆ ಬಂದವಳೇ ಬರೆದೆ: "ಈ ಸಲ ಗೋಲು ಕಾಯುವವನು ದೇವಿಕೊಪ್ಪದ ಎಲ್ಲಪ್ಪ. ಅವನ ಕೈಯಿಂದ ಒಂದು ಚೆಂಡೂ ಜಾರುವುದಿಲ್ಲ." ಕಾಲೇಜಿನ ದೈಹಿಕ ಶಿಕ್ಷಣದ ಹಿರೇಮಠ ಸರ್ ಅದನ್ನು ಶಂಕ್ರಪ್ಪನ ಗೋಡೆಯ ಮೇಲೆ ಓದಿದರು. ಸರ್ ಒಳ್ಳೆಯವರು. ಕಬಡ್ಡಿ, ಖೋಖೋ, ವಾಲಿಬಾಲ್ ಎಲ್ಲ ಅವರ ತಲೆಯ ಮೇಲೇ ಇರುವುದರಿಂದ ಯಾರಾದರೂ ತಮ್ಮ ಪರವಾಗಿ ನಿರ್ಧಾರ ಮಾಡಿದರೆ ಅವರಿಗೆ ಉಪಕಾರವಾಗುತ್ತದೆ. ಎಲ್ಲಪ್ಪನನ್ನು ಕ್ಲಾಸಿನಿಂದ ಕರೆಸಿ ಕೈಗವಸು ಕೊಟ್ಟರು. ಅವನು ಅಲ್ಲಿಯವರೆಗೆ ಫುಟ್‌ಬಾಲ್ ಮುಟ್ಟಿರಲಿಲ್ಲ.

ಮೊದಲ ಪಂದ್ಯ ಧಾರವಾಡದಲ್ಲಿ. ಟೆಂಪೊ ಮಾಡಿಕೊಂಡು ನಾವೂ ಹೋದೆವು. ಮರದ ಬುಡದಲ್ಲಿ ನಿಂತು ರೂಢಿಯಾದ ಎಲ್ಲಪ್ಪ ಗೋಲಿನ ಎರಡು ಕಂಬಗಳ ನಡುವೆ, ಸರಿಯಾಗಿ ಬಿಳಿ ಗೆರೆಯ ಮೇಲೆ ನಿಂತ. ಹತ್ತು ನಿಮಿಷಕ್ಕೆ ಎದುರಿನವರು ಒಂದು ಚೆಂಡನ್ನು ಎತ್ತರಕ್ಕೆ ಒದ್ದರು. ಎಲ್ಲಪ್ಪ ಹಾರಿದ. ಎರಡೂ ಕೈಯಲ್ಲಿ ಹಿಡಿದ. ಶಂಕ್ರಪ್ಪ ಸಿಳ್ಳೆ ಹಾಕಿದ, ನಾನು ಎದ್ದು ನಿಂತೆ. ಆಮೇಲೆ ಆ ಕೈಗಳು, ಕೂಸನ್ನು ಇಸಿದುಕೊಂಡ ಹಾಗೆ, ಮೆಲ್ಲಗೆ ಕೆಳಗಿಳಿದು, ಸೊಂಟ ದಾಟಿ, ಹಿಂದಕ್ಕೆ ಹೋಗಿ, ಗೆರೆಯ ಆಚೆ, ಬಲೆಯ ಒಳಗೆ ಚೆಂಡನ್ನು ಹುಲ್ಲಿನ ಮೇಲೆ ಇಟ್ಟವು. ರೆಫ್ರಿ ಸೀಟಿ ಊದಿದ.

ನಾವು ಇನ್ನೂ ಚಪ್ಪಾಳೆ ತಟ್ಟುತ್ತಿದ್ದೆವು. ಎದುರಿನ ತಂಡದವರು ಕುಣಿಯುವುದನ್ನು ನೋಡಿ ಶಂಕ್ರಪ್ಪ, "ಇವಕ್ಕ ಹುಚ್ಚ ಹಿಡದೈತೇನ? ಹಿಡದಾನಲ್ಲಲೇ!" ಎಂದು ಕೂಗಿದ. ಎಲ್ಲಪ್ಪನಿಗೂ ತಿಳಿಯಲಿಲ್ಲ. ಖಾಲಿ ಕೈ ತೋರಿಸಿ, ಒಂದು ಪೆಟ್ಟೂ ತಾಗಿಲ್ಲವಲ್ಲ ಎಂಬಂತೆ ನಮ್ಮ ಕಡೆ ನೋಡಿದ. ಹಾಗೆ ಅವನು ಅಂದು ಮೂರು ಚೆಂಡು ಹಿಡಿದ. ಮೂರೂ ಗೋಲಾದವು. ಒಂದು ಚೆಂಡೂ ಅವನ ಕೈಯಿಂದ ಜಾರಲಿಲ್ಲ. ನನ್ನ ಭವಿಷ್ಯ ಅಕ್ಷರಶಃ ನಿಜವಾದದ್ದು ಆ ಒಂದೇ ದಿನ.

ಊರಿಗೆ ಮರಳಿದ ಮೇಲೂ ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಅವನನ್ನು ಬಿಡಲಿಲ್ಲ. "ಲೇ ಎಲ್ಲ್ಯಾ, ನನ್ನ ಚೀಲ ಹಿಡಿ. ಹಿಂದ ಒಯ್ಯಬ್ಯಾಡ ಮತ್ತ!" ಅವನು ಮೈದಾನದ ಕಡೆ ಬರುವುದನ್ನೇ ಬಿಟ್ಟ. ನನ್ನನ್ನು ಮಾತ್ರ ಯಾರೂ ಒಂದು ಮಾತು ಅನ್ನಲಿಲ್ಲ. "ನಾ ಅವಾಗ ಹೇಳಿದ್ನಿ, ಮಾವು ಬ್ಯಾರೆ ಚೆಂಡು ಬ್ಯಾರೆ ಅಂತ" ಎಂದ ಶಂಕ್ರಪ್ಪ. ಅವನು ಹಾಗೆಂದ ನೆನಪು ನನಗಿಲ್ಲ. ನನಗೂ ಮೊದಲೇ ಏನೋ ಅನುಮಾನವಿತ್ತು ಎಂದು ಅನಿಸತೊಡಗಿತ್ತು. ಹೀಗಾಗಿ ಈ ಬೇಸಿಗೆಯಲ್ಲಿ ಫೈನಲ್ಲಿನ ವರ್ಷದ ಡೈರಿಯ ಜೊತೆಗೆ ಹೋದ ವರ್ಷದ್ದನ್ನೂ ತೆಗೆದು, ಅಂದು ಧಾರವಾಡದಿಂದ ಬಂದು ಬರೆದದ್ದನ್ನು ಓದಿದೆ. ಎರಡೇ ಶಬ್ದ: "ಎಲ್ಲಪ್ಪ ಅಂಜಿದ."

ನೆನಪನ್ನು ನಂಬಬಾರದು, ಬರೆದಿಟ್ಟದ್ದನ್ನು ನಂಬಬೇಕು ಎಂದು ಮಕ್ಕಳಿಗೆ ಇತಿಹಾಸದ ಪಾಠದಲ್ಲಿ ಹೇಳುವವಳು ನಾನು. ಎಲ್ಲಪ್ಪ ಅಂಜಿರಲಿಲ್ಲ. ಅವನು ಮೂರೂ ಸಲ ಹಾರಿದ್ದನ್ನು ಈ ಕಣ್ಣಿನಿಂದ ನೋಡಿದ್ದೆ. ತಪ್ಪು ನನ್ನದಾದೀತೆಂದು ಅಂಜಿದವಳು, ಅದೂ ಯಾರೂ ಓದದ ನನ್ನದೇ ಡೈರಿಯಲ್ಲಿ, ನಾನು.

ಈ ವರ್ಷ ಪುಟ ಬರೆಯಲು ಕೂತಾಗಲೆಲ್ಲ ಆ ಎರಡು ಶಬ್ದ ಎದ್ದು ಬರುತ್ತಿದ್ದವು. ಉಳಿದದ್ದು ಸರಾಗ. ಫಾರ್ವರ್ಡ್ ಆಡುವವನು ಅಳ್ನಾವರ ಕಡೆಯಿಂದ ಬರುವವನು. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಗೋಲು ಹೊಡೆಯುತ್ತಾನೆ, ತಡವಾದರೆ ಎರಡನೆಯ ಅರ್ಧದಲ್ಲಿ ಹೊಡೆಯುತ್ತಾನೆ. ಎಡಗಡೆ ಆಡುವವನ ಮನೆಯಲ್ಲಿ ಭತ್ತದ ಕಳೆ ತೆಗೆಯುವುದಿದ್ದರೆ ಅವನು ಬರುವುದಿಲ್ಲ. ಕ್ಯಾಪ್ಟನ್ ಜಗಳ ಮಾಡುತ್ತಾನೆ. ಇಷ್ಟೆಲ್ಲ ಬರೆದು "ಗೋಲಿ" ಎಂಬಲ್ಲಿಗೆ ಬಂದು ಹಾಳೆ ಹರಿಯುತ್ತಿದ್ದೆ. ಮೊದಲ ವರ್ಷದ ಬಿ.ಕಾಂ.ಗೆ ಒಬ್ಬ ಆರಡಿ ಎತ್ತರದ ಹುಡುಗ ಬಂದಿದ್ದ. ಊರಿನ ಒಲವೆಲ್ಲ ಅವನ ಕಡೆ. ಹಿರೇಮಠ ಸರ್ ಮಾತ್ರ, "ಅಕ್ಕೋರು ಏನ ಬರೀತಾರ ನೋಡೂಣು" ಎಂದಿದ್ದರಂತೆ.

ಒಂಬತ್ತನೆಯ ದಿನ ಮಿಶ್ರಿಕೋಟಿಯ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎಲ್ಲಪ್ಪ ಬಂದು ಬಾಜೂ ನಿಂತ.

"ಈ ಸಲದ್ದು ಬರದಾತೇನ್ರಿ ಅಕ್ಕೋರ?"

"ಇನ್ನೂ ಇಲ್ಲೋ."

"ನನ್ನ ಹೆಸರ ಬರೀಬ್ಯಾಡ್ರಿ."

ನನಗೆ ಒಮ್ಮೆಲೇ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯೂ ಆಯಿತು. "ಯಾಕೋ, ಆಡಂಗಿಲ್ಲೇನು?"

"ಆಡಾವ್ರಿ. ಇದು ನನಗ ಕಡೀ ವರ್ಷ. ಡಿಗ್ರಿ ಮುಗದ ಮ್ಯಾಲ ನನ್ನ ಯಾರ್ ಕರೀತಾರ್ರಿ ಚೆಂಡಾಡಾಕ? ಒಂದ ಮ್ಯಾಚ್ ಆಡಿ, ಅದರಾಗ ನಗಿಪಾಟ್ಲ ಆಗಿ ಬಿಟ್ಟ ಹೋಗೂದಂದ್ರ ಮನಸ ಒಪ್ಪವಲ್ದು. ಆದ್ರ ನೀವು ಹೊಗಳಿ ಬರದ್ರ ಮಂದಿ ಬರೇ ನನ್ನ ಕೈ ನೋಡ್ತಾರ. ನೋಡಿದ್ರ ಕೈ ಹಿಂದ ಹೋಗ್ತಾವು."

"ನೋಡದಿದ್ರ?"

ಸ್ವಲ್ಪ ವಿಚಾರ ಮಾಡಿದ. "ನೋಡದಿದ್ರೂ ಹೋಗ್ತಾವ್ರಿ," ಎಂದ. "ಹತ್ತ ವರ್ಷದಾಗಿಂದ ಮಾವು ಹಿಡದ ಕೈ. ಬಿಡಸಾಕ ನೋಡಿದೆ, ಬಿಡವಲ್ವು. ಅದಕ್ಕ ನಾನ ಎರಡ ಹೆಜ್ಜಿ ಮುಂದ ನಿಂದ್ರಾಕ ಹತ್ತೇನಿ. ಕೈ ಎಲ್ಲಿ ಬೇಕಾದ್ರೂ ಹೋಗ್ಲಿ, ಗೆರಿ ಮುಟ್ಟಂಗಿಲ್ಲ."

ಒಂದು ವರ್ಷವಿಡೀ ನಾನು ಆ ಸೋಲಿನ ಬಗ್ಗೆ ಚಿಂತಿಸಿದ್ದೆ. ಶ್ರಮ, ಸಂಸ್ಕಾರ, ದೇಹದ ನೆನಪು ಎಂದೆಲ್ಲ ಡೈರಿಯಲ್ಲಿ ನಾಲ್ಕು ಪುಟ ಬರೆದಿದ್ದೆ. ಎರಡು ಹೆಜ್ಜೆ ಮುಂದೆ ನಿಂತರೆ ಆಯಿತು ಎಂದು ಹೊಳೆದಿರಲಿಲ್ಲ.

ಆದರೆ ಪೇಚು ನೋಡಿ. ಹೆಸರು ಬರೆಯದಿದ್ದರೆ ಸರ್ ಆರಡಿಯವನಿಗೆ ಕೈಗವಸು ಕೊಡುತ್ತಾರೆ. ಬರೆದರೆ ಊರು ನಗುತ್ತದೆ, ಇವನ ಕೈ ಮತ್ತೆ ಊರಿನ ಬಾಯಿಗೆ ಬೀಳುತ್ತದೆ. ಜಂಪರಿನ ತೋಳಿನ ಬಗ್ಗೆ ಮಾತ್ರ ಬಲ್ಲ ಹೆಂಗಸಿನ ಒಂದು ಹಾಳೆ ಒಬ್ಬನ ಕಡೆಯ ವರ್ಷವನ್ನು ತೂಗುವಂತಾಗಿತ್ತು. ಅವನು ಬಸ್ಸು ಹತ್ತುವ ಮುನ್ನ ಹೇಳಿದೆ, "ಶನಿವಾರ ಮೈದಾನಕ್ಕ ಬಾ. ಸರ್‌ಗೆ ಹೇಳಿ ಇಬ್ಬರನ್ನೂ ನಿಂದ್ರಸ್ತೀನಿ."

ಶನಿವಾರ ಶಾಲೆ ಅರ್ಧ ದಿನ. ಮೈದಾನಕ್ಕೆ ಬಂದಾಗ ಸಣ್ಣಗೆ ಹನಿಯುತ್ತಿತ್ತು. (ಇದನ್ನು ಅಲ್ಲೇ ಬರೆದುಕೊಂಡಿದ್ದೇನೆ, ನಂಬಬಹುದು.) ಹಿರೇಮಠ ಸರ್, ಶಂಕ್ರಪ್ಪ, ಅಂಗಡಿಯಿಂದ ಎದ್ದು ಬಂದ ಏಳೆಂಟು ಮಂದಿ. ಇಬ್ಬರಿಗೂ ಐದೈದು ಚೆಂಡು ಎಂದು ಮಾತಾಯಿತು. ಅಳ್ನಾವರದ ಫಾರ್ವರ್ಡ್ ಪುಣ್ಯಕ್ಕೆ ಬಸ್ಸು ಹಿಡಿದು ಬಂದಿದ್ದ, ಅವನೇ ಒದ್ದ. ಆರಡಿಯ ಹುಡುಗ ಎರಡು ಹಿಡಿದ, ಮೂರು ಬಿಟ್ಟ. ಬಿಟ್ಟದ್ದರಲ್ಲಿ ಒಂದು ಅವನು ಹಣೆಯ ಕೂದಲು ಸರಿಸುವಾಗ ಹೋಯಿತು.

ಎಲ್ಲಪ್ಪ ಗೆರೆಗೆ ಹಿಮ್ಮಡಿ ಹಚ್ಚಿ, ಎರಡು ಹೆಜ್ಜೆ ಎಣಿಸಿ ಮುಂದೆ ನಿಂತ. ಮೊದಲನೆಯದು ಎತ್ತರಕ್ಕೆ ಬಂತು. ಹಿಡಿದ. ಕೈಗಳು ಇಳಿದವು, ಸೊಂಟ ದಾಟಿದವು, ಹಿಂದಕ್ಕೆ ಹೋದವು, ಚೆಂಡು ಒದ್ದೆ ಹುಲ್ಲಿನ ಮೇಲೆ ಕೂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಂದು ವರ್ಷದಲ್ಲಿ ನಾವೂ ಕಲಿತಿದ್ದೆವು, ಮೊದಲು ಗೆರೆ ನೋಡಬೇಕೆಂದು. ಚೆಂಡಿಗೂ ಗೆರೆಗೂ ನಡುವೆ ಒಂದು ಗೇಣು ಉಳಿದಿತ್ತು. ಎರಡನೆಯದು ಅವನ ಕೈಗೆ ನಿಲುಕದ ಮೂಲೆಗೆ ಹೋಯಿತು. ಮೂರನೆಯದು ನೆಲದ ಮೇಲೆ ಉರುಳಿ ಬಂದು ಕಾಲುಗಳ ನಡುವೆ ನುಸುಳಿತು. ಉರುಳಿ ಬರುವ ಮಾವು ಅವನ ಅನುಭವದಲ್ಲಿ ಇರಲಿಲ್ಲ. ಉಳಿದೆರಡು ಹಿಡಿದ.

ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಡೈರಿಯ ಹಾಳೆಯ ಮೇಲೆ ಬರೆದೆ: "ಶನಿವಾರ, ಹನಿ ಮಳೆ. ಬಿ.ಕಾಂ. ಹುಡುಗ ಐದರಲ್ಲಿ ಎರಡು ಹಿಡಿದ. ಎಲ್ಲಪ್ಪ ಮೂರು ಹಿಡಿದ, ಎರಡು ಬಿಟ್ಟ. ಹಿಡಿದ ಮೂರೂ ಗೆರೆಯ ಈಚೆ ಇದ್ದವು." ಹರಿದು ಶಂಕ್ರಪ್ಪನ ಕೈಗೆ ಕೊಟ್ಟೆ.

ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಮುಂದಿಂದೆಲ್ಲೈತ್ರಿ? ಫೈನಲ್ಲೋ, ಸೆಮಿ ಫೈನಲ್ಲೋ?"

"ಗೊತ್ತಿಲ್ಲ ಶಂಕ್ರಪ್ಪಾ."

"ಇದೇನ ಭವಿಷ್ಯ ಆತ್ರಿ ಅಕ್ಕೋರ? ಇದು ನಾವೆಲ್ಲಾರೂ ಈಗ ನೋಡಿದ್ದು!"

"ನನಗ ಗೊತ್ತಿರೂದು ಅಷ್ಟ. ಫೈನಲ್ ಅಂತ ನಾ ಯಾವತ್ತೂ ಬರದಾಕಿ ಅಲ್ಲ. ಡೈರಿ ಐತಿ, ತಂದ ತೋರಸ್ತೀನಿ."

"ನಿಮ್ಮ ಡೈರಿಗೇನ ಗೊತ್ತೈತ್ರಿ," ಎಂದ ಶಂಕ್ರಪ್ಪ. "ಛತ್ರಿ ಹಿಡಕೊಂಡ ಬಂದಿದ್ದ ನಾ ಕಂಡೀನಲ್ಲ!"

ಹಾಳೆ ಹಿರೇಮಠ ಸರ್ ಕೈಗೆ ಹೋಯಿತು. ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. "ಇದರಾಗ ಯಾರನ್ನ ನಿಂದ್ರಸ್ರಿ ಅಂತ ಇಲ್ಲಲ್ರಿ."

"ಅದು ನಿಮ್ಮ ಕೆಲಸರಿ ಸರ್."

ಸರ್‌ಗೆ ಕಸಿವಿಸಿಯಾಯಿತು. ಕಾಲೇಜಿನ ಕಡೆ ನೋಡಿದರು, ಹಳ್ಳದ ಕಡೆ ನೋಡಿದರು. ಸಹಾಯಕ್ಕೆ ಯಾರೂ ಬರಲಿಲ್ಲ. "ಮೂರು ಅಂದ್ರ ಎರಡಕ್ಕಿಂತ ಹೆಚ್ಚಲ್ರಿ?" ಎಂದರು ಕೊನೆಗೆ.

"ಸಮಾಜ ವಿಜ್ಞಾನದಾಗೂ ಹೆಚ್ಚರಿ."

"ಹಂಗಾದ್ರ ಎಲ್ಲಪ್ಪನ ನಿಂದ್ರಲಿ," ಎಂದರು ಸರ್, ಬೇರೆ ಯಾರಾದರೂ ಹೇಳುವ ಮುನ್ನ ಹೇಳಿಬಿಡುವವರ ಅವಸರದಲ್ಲಿ.

ಎಲ್ಲಪ್ಪ ಕೆಸರು ಕೈಯನ್ನು ಚಡ್ಡಿಗೆ ಒರೆಸುತ್ತ ಬಂದು ಹಾಳೆ ಓದಿದ. "ಹೆಸರ ಬರೀಬ್ಯಾಡ್ರಿ ಅಂದಿದ್ನೆಲ್ರಿ."

"ಹೊಗಳಿಲ್ಲಲ್ಲೋ."

"ಇಲ್ಲ ಖರೆ," ಎಂದ. ಮತ್ತೊಮ್ಮೆ ಓದಿದ. "ಬಿಟ್ಟ ಎರಡೂ ಬರದೀರಿ?"

"ಬಿಟ್ಟಿಯಲ್ಲ."

"ಬಿಟ್ಟೇನ್ರಿ," ಎಂದು ಒಪ್ಪಿಕೊಂಡು ಹಾಳೆ ಮರಳಿಸಿದ. ಇನ್ನೂ ಹತ್ತು ಒದೆಯಿರಿ ಎಂದು ಸರ್ ಕೂಗಿದರು. ಅವನು ಓಡಿಹೋಗಿ ಗೆರೆಗೆ ಹಿಮ್ಮಡಿ ಹಚ್ಚಿ ಹೆಜ್ಜೆ ಇಟ್ಟ.

"ಲೇ ಎಲ್ಲ್ಯಾ, ಎದಕ್ಕೂ ಮೂರ ಹೆಜ್ಜಿ ಇಡಲೇ!" ಎಂದು ಶಂಕ್ರಪ್ಪ ಇಲ್ಲಿಂದ ಒದರಿದ.

"ಎರಡ ಸಾಕು," ಎಂದ ಎಲ್ಲಪ್ಪ, ಚೆಂಡಿನ ಮೇಲಿನ ಕಣ್ಣು ತೆಗೆಯದೆ.